ಹಕ್ಕಿ ಹಿಡಿಯುವ ಹನ್ನೆರಡು ಚಿತ್ರ, ಹನ್ನೆರಡು ಚೌಕಟ್ಟು

ಈ ಪ್ರವಾಸಕ್ಕೆ ನನಗೆ ತಗಲಿದ್ದು ಹತ್ತೊಂಬತ್ತು ರೂಪಾಯಿ ನಾಲ್ಕಾಣೆ. ಹುಬ್ಬಳ್ಳಿಯಿಂದ ಪುಣೆಗೆ ಹೋಗಿ ಬರಲು ಮೂರನೆಯ ದರ್ಜೆಯ ತಿಕೀಟಿಗೆ ಹನ್ನೊಂದು. ಸಾಮಾನಿನ ತೂಕಕ್ಕೆ ಒಂದೂಕಾಲು. ಪುಣೆಯಲ್ಲಿ ಕೊಂಡ ಗಾಜಿಗೆ ನಾಲ್ಕೂವರೆ. ಹಕ್ಕಿ ಹಿಡಿಯುವ ಒಬ್ಬ ಮನುಷ್ಯನಿಗೆ ಒಂದೂವರೆ. ಉಳಿದ ಒಂದು ರೂಪಾಯಿ ಟಾಂಗಾಕ್ಕೆ ಮತ್ತು ಚಿಂಚವಾಡದ ಗಾಡಿಗೆ. ಊಟಕ್ಕೆ ಖರ್ಚಾಗಲಿಲ್ಲ. ಹೋಗುವಾಗ ಮನೆಯ ರೊಟ್ಟಿ ಇತ್ತು, ಪುಣೆಯಲ್ಲಿ ಅಳಿಯ ಇದ್ದ.

ಈ ಅಳಿಯ ನನ್ನ ಅಕ್ಕನ ಮಗ ರಾಚಪ್ಪ. ಪುಣೆಯ ಒಂದು ಛಾಪಖಾನೆಯಲ್ಲಿ ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆಯುವ ಕೆಲಸ ಅವನದು. ಲಗ್ನಪತ್ರಿಕೆ, ಸಾಹೇಬರ ಹೆಸರಿನ ಚೀಟಿ, ಎಣ್ಣೆ ಸೀಸೆಗೆ ಅಂಟಿಸುವ ಲೇಬಲ್ಲು, ಇಂಥವು. ಖಡಕಿಯಲ್ಲಿ ನೆಲಸಿರುವ ಒಬ್ಬ ನಿವೃತ್ತ ಕರ್ನಲ್ ಸಾಹೇಬರ ಬಳಿ ಹಳೆಯ ಕಾಲದ ವಿಲಾಯತಿ ಕೊರೆಚಿತ್ರಗಳ ಒಂದು ಕಟ್ಟು ಇತ್ತು. ಆ ದೇಶದವರು ಹಿಂದೆ ಹಕ್ಕಿಗಳನ್ನು ಹೇಗೆ ಹಿಡಿಯುತ್ತಿದ್ದರೆಂದು ತೋರಿಸುವ ಹನ್ನೆರಡು ಚಿತ್ರಗಳು. ಅವನ್ನು ಹೊಸದಾಗಿ ತಾಮ್ರದ ಮೇಲೆ ಕೊರೆಸಿ, ಹಿಡಿಯುವ ವಿಧಾನವನ್ನೂ ಬರೆದು, ಒಂದು ಪುಸ್ತಕ ಮಾಡಿಸಬೇಕೆಂದು ಸಾಹೇಬರಿಗೆ ಮನಸ್ಸಾಯಿತು. ಕೆಲಸ ರಾಚಪ್ಪನ ಕೈಗೆ ಬಂತು. ಶನಿವಾರ ಸಾಹೇಬರು ಬಂದು ಅಚ್ಚು ನೋಡಿ ಒಪ್ಪಿದರೆ ಕೊರೆಯುವ ಕೋಣೆಗೆ ಅವನೇ ಮುಖ್ಯಸ್ಥ. ಮುಖ್ಯಸ್ಥನಿಗೆ ಛಾಪಖಾನೆಯ ಮಾಳಿಗೆಯ ಮೇಲೆ ಎರಡು ಕೋಣೆ ಇರಲು ಸಿಗುತ್ತವೆ. ಮೂರು ವರ್ಷದಿಂದ ಅವನು ಕಾಗದದ ಗಂಟಿನ ಮೇಲೆ ಮಲಗುತ್ತಿದ್ದ. ಹೆಂಡತಿ ಗೌರವ್ವ ಮತ್ತು ಮಗಳು ಗದಗಿನ ತವರಲ್ಲಿದ್ದರು. ಮಗಳು ನಡೆಯಲು ಕಲಿತದ್ದನ್ನು ಅವನು ಕಾಗದದಲ್ಲಿ ಓದಿ ತಿಳಿದವನು.

ಸಾಹೇಬರಿಗೆ ತೋರಿಸುವ ಹನ್ನೆರಡು ಅಚ್ಚುಗಳಿಗೆ ಚೌಕಟ್ಟು ಹಾಕಿಸಬೇಕಿತ್ತು. ಪುಣೆಯವರು ಹೇಳಿದ ದರ ಕೇಳಿ ರಾಚಪ್ಪ ನನಗೆ ಬರೆದ. ಚೌಕಟ್ಟು, ಗಾಜು, ಕನ್ನಡಿ ನನ್ನ ವ್ಯಾಪಾರ. ಬರಿಗೈಯಲ್ಲಿ ಶುರುಮಾಡಿ ಇಪ್ಪತ್ತು ವರ್ಷವಾಯಿತು. ಸಾಗವಾನಿ ಪಟ್ಟಿಗಳನ್ನು ಕೊಯ್ದು, ಹೊಳಪು ಕೊಟ್ಟು, ಗೋಣಿತಾಟಿನಲ್ಲಿ ಕಟ್ಟಿಕೊಂಡು ದೀಪಾವಳಿ ಕಳೆದ ಮೊದಲ ಬುಧವಾರ ಮಧ್ಯಾಹ್ನದ ಗಾಡಿ ಹತ್ತಿದೆ. ದೊಡ್ಡ ಲಡಾಯಿ ಮುಗಿದು ಎಂಟು-ಹತ್ತು ವರ್ಷವಾಗಿದ್ದ ಕಾಲ ಅದು.

ಸಣ್ಣ ಹಳಿಯ ಗಾಡಿಗೆ ಅವಸರವಿಲ್ಲ. ಲೋಂಡಾದಲ್ಲಿ ಬಹಳ ಹೊತ್ತು ನಿಂತಿತು, ಬೆಳಗಾವಿಯಲ್ಲಿ ಕತ್ತಲಾಯಿತು. ನನ್ನ ಪಕ್ಕದಲ್ಲಿ ನಿಪ್ಪಾಣಿಯ ತಂಬಾಕಿನ ದಲ್ಲಾಳಿಯೊಬ್ಬರು ಕುಳಿತಿದ್ದರು. "ಏನ್ರಿ ಇದು, ಇಷ್ಟುದ್ದ ಗಂಟು? ಹೆಣಾ ಕಟ್ಟಿದ್ಹಂಗ ಕಟ್ಟೀರಲ್ಲ!" ಎಂದರು. ಸಾಹೇಬರ ಮನೆಯ ಸಾಮಾನು ಎಂದೆ. ಆಮೇಲೆ ಅದರ ಮೇಲೆ ಯಾರೂ ಕಾಲಿಡಲಿಲ್ಲ. ಬೆಳಗ್ಗೆ ಸಾತಾರಾ ರೋಡ್ ದಾಟಿದ ಮೇಲೆ ಘಟ್ಟ ಮತ್ತು ಸುರಂಗಗಳು. ಹೊಗೆ ಒಳಗೆ ಬರುತ್ತದೆ, ಕಿಟಕಿ ಮುಚ್ಚಿಕೊಳ್ಳಬೇಕು. ನೀರಾದ ಹತ್ತಿರ ಜೋಳ ಆಳೆತ್ತರ ನಿಂತಿತ್ತು, ಚಳಿ ಹಿತವಾಗಿತ್ತು. ಗುರುವಾರ ಮಧ್ಯಾಹ್ನ ಪುಣೆ.

ರಾಚಪ್ಪ ನಿಲ್ದಾಣಕ್ಕೆ ಬಂದಿದ್ದ. ಟಾಂಗಾದವನು ಎಂಟಾಣೆ ಹೇಳಿದ, ನಾನು ಗಂಟು ಎತ್ತಿಕೊಂಡು ನಡೆಯತೊಡಗಿದೆ, ಆರಾಣೆಗೆ ಬಂದ. ದಾರಿಯಲ್ಲಿ ಕುಂದಾಪುರದ ಕಡೆಯ ಒಬ್ಬರ ಹೋಟೆಲಿನಲ್ಲಿ ಕಾಫಿ ಕುಡಿದೆವು. ಕಾಫಿ ಚೆನ್ನಾಗಿತ್ತು. ನಮ್ಮ ಕನ್ನಡ ಕೇಳಿ ಅವರೂ, ಅವರ ಕನ್ನಡ ಕೇಳಿ ನಾವೂ ಸ್ವಲ್ಪ ನಕ್ಕೆವು.

ಛಾಪಖಾನೆಯಲ್ಲಿ ಹನ್ನೆರಡು ಅಚ್ಚುಗಳು ಹಗ್ಗದ ಮೇಲೆ ಒಣಗುತ್ತಿದ್ದವು. ನಾನು ಚಿತ್ರಗಳ ನಡುವೆಯೇ ಬದುಕುವವನು. ಆದರೂ ಇಂಥವನ್ನು ಕಂಡಿರಲಿಲ್ಲ. ಎಲ್ಲ ಚಿತ್ರಗಳಲ್ಲೂ ಅಗಲ ಟೊಪ್ಪಿಗೆಯ ಒಬ್ಬನೇ ಮನುಷ್ಯ. ಒಂದರಲ್ಲಿ ಮರದ ಕಡ್ಡಿಗಳಿಗೆ ಅಂಟು ಹಚ್ಚುತ್ತಾನೆ, ಕೂತ ಹಕ್ಕಿ ಮೇಲೇಳಲಾರದು. ಒಂದರಲ್ಲಿ ಗೂಬೆಯನ್ನು ಕೋಲಿಗೆ ಕಟ್ಟಿ, ಅದನ್ನು ಬೈಯಲು ಬರುವ ಹಕ್ಕಿಗಳಿಗಾಗಿ ಕಾಯುತ್ತಾನೆ. ಇನ್ನೊಂದರಲ್ಲಿ ಬಟ್ಟೆಯ ಆಕಳು ಮಾಡಿ, ಅದರ ಹೊಟ್ಟೆಯೊಳಗೆ ನಿಂತು ಮೆಲ್ಲಗೆ ನಡೆಯುತ್ತಾನೆ. ನೆಲದ ಮೇಲೆ ಎರಡು ರೆಕ್ಕೆಯಂತೆ ಹಾಸಿದ ಬಲೆ, ಹಗ್ಗ ಎಳೆದರೆ ಪುಸ್ತಕದಂತೆ ಮುಚ್ಚುತ್ತದೆ. ಕುದುರೆ ಕೂದಲಿನ ಕುಣಿಕೆ. ಚಿಕ್ಕ ಕನ್ನಡಿ ಚೂರುಗಳನ್ನು ಅಂಟಿಸಿದ ಬುಗುರಿಯಂಥದ್ದನ್ನು ದಾರದಿಂದ ಬಿಸಿಲಲ್ಲಿ ತಿರುಗಿಸಿ ನೆಲಗುಬ್ಬಿಗಳನ್ನು ಕರೆಯುವ ಉಪಾಯ. ಈ ಕೊನೆಯದನ್ನು ನಾನು ಹೆಚ್ಚು ಹೊತ್ತು ನೋಡಿದೆ. ಕನ್ನಡಿ ಮಾರುವವನಿಗೆ ಗಿರಾಕಿ ಹಕ್ಕಿಯೂ ಆಗಬಹುದೆಂದು ತಿಳಿದಿರಲಿಲ್ಲ.

ಹುಲ್ಲಿನ ಎಸಳು, ಗರಿಯ ಗೆರೆ ಎಲ್ಲ ಕೂದಲಷ್ಟು ನವಿರು. "ಭೇಷ್ ಮಾಡೀಯಪಾ," ಎಂದೆ. ಮಾಲಕರೂ ಬಂದು, ಕನ್ನಡಕ ಏರಿಸಿ, ಚಿತ್ರದ ಕೆಳಗಿನ ಇಂಗ್ಲಿಷ್ ಬರಹವನ್ನು ಅಕ್ಷರ ಬಿಡದೆ ಓದಿ, ತಪ್ಪಿಲ್ಲವೆಂದು ತಲೆದೂಗಿ ಹೋದರು. ಹೋಗುವಾಗ ಒಂದು ಕೆಲಸ ಹೇಳಿದರು: ಇಲ್ಲಿಯ ಹಕ್ಕಿ ಹಿಡಿಯುವವನೊಬ್ಬನನ್ನು ಶನಿವಾರ ಕರೆತರಬೇಕು, ಸಾಹೇಬರು ಅವನೊಂದಿಗೆ ಮಾತಾಡಬೇಕಂತೆ.

ಶುಕ್ರವಾರ ಬೆಳಗ್ಗೆ ಲೋಣಾವಳಾದ ಕಡೆ ಹೋಗುವ ಗಾಡಿ ಹಿಡಿದು ಚಿಂಚವಾಡದಲ್ಲಿ ಇಳಿದೆವು. ಅಲ್ಲಿಂದ ನಿಗಡಿ ಮೂರು ಮೈಲಿ, ಹೊಲದ ಬದುವಿನ ಮೇಲೆ ನಡಿಗೆ. ರಾಚಪ್ಪ ನಾಲ್ಕು ಅಚ್ಚುಗಳನ್ನು ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದ, ಯಾವ ಕೆಲಸಕ್ಕೆ ಕರೆಯುತ್ತಿದ್ದೇವೆಂದು ತೋರಿಸಲು. ನಾವು ಹುಡುಕಿಕೊಂಡು ಹೋದದ್ದು ಯಮನಪ್ಪನನ್ನು. ವಿಜಾಪುರದ ಕಡೆಯಿಂದ ಬಂದು ನಿಗಡಿಯ ಆಚೆ ಗುಡಿಸಲು ಹಾಕಿಕೊಂಡಿದ್ದ. ಕ್ಯಾಂಪಿನ ಬಾಜಾರಕ್ಕೆ ಲಾವಗಿ ಎಂಬ ಗಿಡ್ಡ ಹಕ್ಕಿಗಳನ್ನು ಒಯ್ದು ಮಾರುತ್ತಿದ್ದ. ಐವತ್ತು ದಾಟಿದ ಆಳು, ಬಿದಿರಿನ ಬುಟ್ಟಿಯ ಮುಂದೆ ಕುಳಿತು ಬಲಗೈಯಿಂದ ಬಲತೊಡೆಯ ಮೇಲೆ ಕುದುರೆ ಕೂದಲು ಹೊಸೆಯುತ್ತಿದ್ದ. ಕನ್ನಡ ಕೇಳಿ ಚಾಪೆ ಹಾಸಿದ.

ದಿನಕ್ಕೆ ಹನ್ನೆರಡಾಣೆ ಎಂದು ನಾನು ಶುರುಮಾಡಿದೆ.

"ಸಾವ್ಕಾರ್ರ, ಪುಣೆಕ್ಕ ಬಂದ್ರ ಅವತ್ತಿನ ಹಕ್ಕಿ ಹೋತು. ಹಕ್ಕಿ ನನ್ನ ಸಲುವಾಗಿ ನಾಳಿಗಿ ಕಾಯ್ತಾವೇನ್ರಿ?"

"ಸಾಹೇಬ್ರ ಮುಂದ ಕುಂದ್ರಾವ ನೀ. ಹೆಸರು ಬರತದ."

"ಹೆಸರಿಗೆ ರೊಕ್ಕ ಕೇಳಿಲ್ರಿ ನಾ, ಹಕ್ಕಿಗೆ ಕೇಳೀನಿ."

ಒಂದೂವರೆಗೆ ಮುಗಿಯಿತು. ರಾಚಪ್ಪ ಸುರುಳಿ ಬಿಚ್ಚಿ ಚಾಪೆಯ ಮೇಲೆ ಹಾಸಿದ. ಯಮನಪ್ಪ ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಆಕಳಿನ ಚಿತ್ರಕ್ಕೆ ನಕ್ಕ. "ಬಟ್ಟಿದು ಯಾಕ್ರಿ? ನಮ್ಮಪ್ಪ ಖರೇ ಆಕಳನ್ನ ಕಲಿಸಿದ್ದ, ಅದರ ಮರೀಲೆ ಹೋಗ್ತಿದ್ದ." ಅಂಟಿನ ಕಡ್ಡಿಗೆ ಸರಿ ಎಂದ. ಬಲೆಯ ಮುಂದೆ ನಿಂತ. ಕುಣಿಕೆಯ ಮುಂದೆ ಇನ್ನಷ್ಟು ಹೊತ್ತು ನಿಂತ.

"ಆ ದೇಶದಾಗ ಮಂದಿ ಎಲ್ಲಾ ಎಡಚರೇನ್ರಿ?"

ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. "ನೋಡ್ರಿ. ಅಂಟು ಹಚ್ಚೋದು ಎಡಗೈಲೆ. ಹಗ್ಗ ಎಡಗೈಲೆ. ಕೂದಲಾ ಹೊಸಿಯೋದು ಎಡತೊಡಿ ಮ್ಯಾಲೆ. ಚೂರಿ ಬಲಕ್ಕ ಕಟ್ಯಾನ. ಒಬ್ಬ ಎಡಚ ಇರಲಿ, ನಮ್ಮಾಗೂ ಇರ್ತಾರ. ಆದರ ಇದನ್ನ ನೋಡಿ ಬಲಗೈಯಾಂವ ಕುಣಿಕಿ ಹಾಕಿದ್ರ ನಿಂದ್ರಂಗಿಲ್ರಿ."

ರಾಚಪ್ಪ ಒಪ್ಪಲಿಲ್ಲ. ಯಮನಪ್ಪ ಹೊಸೆದ ಕೂದಲೊಂದನ್ನು ಅವನ ಕೈಗೆ ಕೊಟ್ಟು, "ನಿಮ್ಮ ಚಿತ್ರದಾಗ ಇದ್ದಂಗ ಸುತ್ರಿ," ಎಂದ. ಕೊರೆಯುವವನ ಬೆರಳು, ಗೆರೆಗೆ ಗೆರೆ ನೋಡಿ ಸುತ್ತಿದ, ಗಂಟು ಬಿಗಿದ. ಯಮನಪ್ಪ ಕುಣಿಕೆಯೊಳಗೆ ಕಿರುಬೆರಳು ತೂರಿಸಿ ಎರಡು ಸಲ ಎಳೆದ. ಹುರಿ ಹೊಸೆದ ದಿಕ್ಕಿಗೆ ಸುತ್ತು ವಿರುದ್ಧವಾಗಿತ್ತು. ಎರಡನೆಯ ಎಳೆತಕ್ಕೆ ಕೂದಲು ತಾನೇ ಬಿಚ್ಚಿಕೊಂಡು ನೆಟ್ಟಗಾಯಿತು.

"ಹಕ್ಕಿ ಹೋತು," ಎಂದ.

ನಾನು ಚೀಲದಿಂದ ಕ್ಷೌರದ ಕನ್ನಡಿ ತೆಗೆದು ಚಿತ್ರದ ಅಂಚಿಗೆ ಹಿಡಿದೆ. ಕನ್ನಡಿಯೊಳಗಿನ ಮನುಷ್ಯ ಬಲಗೈಯವನಾಗಿ, ಚೂರಿ ಎಡಕ್ಕೆ ಸರಿದು, ಎಲ್ಲ ನೆಟ್ಟಗಾಯಿತು. ರಾಚಪ್ಪ ಕನ್ನಡಿ ನೋಡಿದ, ಅಲ್ಲೇ ಬುಟ್ಟಿಯ ಪಕ್ಕದಲ್ಲಿ ಕುಳಿತುಬಿಟ್ಟ.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ತಗಡಿನಿಂದ ಕಾಗದಕ್ಕೆ ಇಳಿಯುವಾಗ ಎಡ ಬಲವಾಗುತ್ತದೆ. ಆದ್ದರಿಂದ ತಗಡಿನಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು. ಅಕ್ಷರಗಳಿಗೆ ರಾಚಪ್ಪನ ಕೈ ತಾನಾಗಿ ಹಾಗೆ ತಿರುಗುತ್ತದೆ, ಹನ್ನೆರಡು ವರ್ಷದ ರೂಢಿ. ಚಿತ್ರ ಕೊರೆದದ್ದು ಇದೇ ಮೊದಲು. ಸಾಹೇಬರ ಮೂಲ ಚಿತ್ರಗಳ ಮೇಲೆ ತೆಳುಕಾಗದವಿಟ್ಟು ಗೆರೆ ತೆಗೆದುಕೊಂಡದ್ದೇ ತಡ, ಮಾಲಕರು ಮೂಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇವನು ಆ ತೆಳುಕಾಗದವನ್ನು ಮಗುಚಿ ತಗಡಿಗೆ ಇಳಿಸುವುದನ್ನು ಮರೆತ. ಕೆಳಗಿನ ಅಕ್ಷರಗಳು ಸರಿಯಾಗಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ.

"ಮಾವ, ನನ್ನ ಕೋಣಿ ಹೋದ್ವು," ಎಂದ ರಾಚಪ್ಪ.

ನಾನು ಅವನಿಗೆ ಸುಮ್ಮನಿರಲು ಹೇಳಿದೆ. ನನ್ನ ಲೆಕ್ಕ ಸರಳ: ಸಾಹೇಬರು ಹಕ್ಕಿ ಹೊಡೆದಾರು, ಕೂತು ಕುಣಿಕೆ ಹಾಕಿದವರಲ್ಲ. ಮಾಲಕರು ಅಕ್ಷರ ಮಾತ್ರ ನೋಡುತ್ತಾರೆ. ಉಳಿದವನು ಯಮನಪ್ಪ. ಅವನಿಗೆ ಇನ್ನೂ ಎಂಟಾಣೆ ಕೊಡುವೆ, ಎಡಗೈಯ ಮಾತು ತೆಗೆಯಬೇಡ ಎಂದೆ.

ಯಮನಪ್ಪ ಬುಟ್ಟಿಯ ಮುಚ್ಚಳ ಸರಿಮಾಡುತ್ತ ಹೇಳಿದ: "ಬಾಯಿ ಮುಚ್ಕೊಂಡಿರ್ತೀನ್ರಿ, ಅದಕ್ಕ ಎಂಟಾಣೆ ಯಾಕ? ಆದರ ಸಾಹೇಬ್ರು ಮಾಡಿ ತೋರಸು ಅಂದ್ರ ಈ ಕೈ ಸುಮ್ಮನಿರಂಗಿಲ್ಲ. ಕೈಗೆ ಏನ ಕೊಡ್ತೀರಿ?"

ನಾನು ಕನ್ನಡಿಯನ್ನು ಚೀಲದೊಳಗಿಟ್ಟು ಎದ್ದೆ.

ಹಿಂದಿರುಗುವ ಗಾಡಿಯಲ್ಲಿ ರಾಚಪ್ಪ ಸುರುಳಿಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದ. ಖಡಕಿ ಬಂದಾಗ ಒಮ್ಮೆಲೇ, "ಹಸಿ ಅಚ್ಚಿನ ಮ್ಯಾಲೆ ಹಸಿ ಕಾಗದ," ಎಂದ. ತಗಡಿಗೆ ಮಸಿ ಹಚ್ಚಿ ಒಂದು ಅಚ್ಚು ತೆಗೆಯುವುದು. ಅದರ ಮಸಿ ಒಣಗುವ ಮುನ್ನ ಒದ್ದೆ ಕಾಗದವನ್ನು ಅದರ ಮೇಲಿಟ್ಟು ಮತ್ತೆ ಯಂತ್ರದಲ್ಲಿ ಒತ್ತುವುದು. ಎಡ ಇನ್ನೊಮ್ಮೆ ಬಲವಾಗುತ್ತದೆ. ಅಚ್ಚು ಸ್ವಲ್ಪ ಮಂಕಾಗುತ್ತದೆ, ಬರಹ ಉಲ್ಟಾ ಆಗುವುದರಿಂದ ಅದನ್ನು ಕಾಗದದ ಪಟ್ಟಿಯಿಂದ ಮುಚ್ಚಬೇಕು. ಸಾಹೇಬರಿಗೆ ತೋರಿಸಲು ಇಷ್ಟು ಸಾಕು. ಮಧ್ಯಾಹ್ನ ಎರಡಕ್ಕೆ ಶುರುಮಾಡಿದ. ನಾನು ಕಾಗದ ಒದ್ದೆ ಮಾಡಿಕೊಟ್ಟೆ, ನಡುನಡುವೆ ಚೌಕಟ್ಟಿಗೆ ಮೊಳೆ ಹೊಡೆದೆ. ದೀಪ ಹಚ್ಚುವ ಹೊತ್ತಿಗೆ ಮೊದಲ ಎಂಟು ಚಿತ್ರ ಮಗುಚಿದ್ದವು. ಆಗ ಮಾಲಕರು ಎಂದಿನಂತೆ ಯಂತ್ರದ ಕೋಣೆಗೆ ಬೀಗ ಹಾಕಿಸಿದರು. ಕೊನೆಯ ನಾಲ್ಕು ಹಳೆಯ ಅಚ್ಚಿನಲ್ಲೇ ಚೌಕಟ್ಟಿಗೆ ಹೋದವು.

"ನಾಳೆ ಮಂಕು ಯಾಕಂತ ಕೇಳಿದ್ರ, ಹಳೇ ಚಿತ್ರದ ಕಳೆ ಬರ್ಲಿ ಅಂತ ಹಂಗ ಮಾಡೀನಿ ಅನ್ನು," ಎಂದು ಕಲಿಸಿದೆ. ಅವನು ಹೂಂ ಎಂದ.

ಶನಿವಾರ ಹನ್ನೊಂದಕ್ಕೆ ಸಾಹೇಬರು ಬಂದರು. ಎತ್ತರದ ಮುದುಕರು, ಫೌಜಿನ ಹಿಂದೂಸ್ತಾನಿ ಮಾತಾಡುತ್ತಿದ್ದರು. ಕಿಟಕಿಯ ಬೆಳಕಿಗೆ ಹನ್ನೆರಡನ್ನೂ ಸಾಲಾಗಿ ಇಟ್ಟಿದ್ದೆ. ಅವರು ಮೊದಲು ಚೌಕಟ್ಟನ್ನು ಹೊಗಳಿದರು. ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಆಮೇಲೆ ಕೇಳಿದರು, ಎಂಟು ಮಂಕಾಗಿವೆ, ನಾಲ್ಕು ಕಪ್ಪಾಗಿವೆ, ಯಾಕೆ?

ರಾಚಪ್ಪ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಹೇಳು ಎಂದೆ. ಅವನು ಹೇಳಿದ, ಆದರೆ ನಾನು ಕಲಿಸಿದ್ದನ್ನಲ್ಲ. ಮಗುಚಲು ಮರೆತದ್ದು, ಎಡಗೈ, ಕುಣಿಕೆ ಬಿಚ್ಚಿಕೊಂಡದ್ದು, ಹಸಿ ಅಚ್ಚು, ಎಲ್ಲ ಹೇಳಿದ. ಕೊನೆಯ ನಾಲ್ಕು ಇನ್ನೂ ತಪ್ಪೇ ಇವೆ ಎಂದೂ ಹೇಳಿದ.

ಮಾಲಕರ ಮುಖ ಕೆಂಪಾಯಿತು. "ಅರೇ ದೇವಾ! ಹನ್ನೆರಡು ತಗಡು!" ಎಂದು ಮರಾಠಿಯಲ್ಲಿ ಕೂಗಿದರು. ಲೇಬಲ್ಲು ಕೊರೆಯುವವನ ಕೈಗೆ ಚಿತ್ರ ಕೊಟ್ಟದ್ದು ತಮ್ಮದೇ ತಪ್ಪು ಎಂದರು. ಸಾಹೇಬರು ಮಾತ್ರ ಬಾಗಿಲಲ್ಲಿ ನಿಂತಿದ್ದ ಯಮನಪ್ಪನನ್ನು ಕರೆದು, ತಪ್ಪಿರುವುದು ಆ ನಾಲ್ಕೂ ಹೌದೋ ಅಲ್ಲವೋ, ನೋಡಿ ಹೇಳು ಎಂದರು.

ಯಮನಪ್ಪ ಹಿಂದಿನಂತೆಯೇ ಕೈ ಹಿಂದೆ ಕಟ್ಟಿ ಕೊನೆಯ ನಾಲ್ಕನ್ನು ನೋಡುತ್ತ ಬಂದ. "ಎಡಗೈ... ಎಡಗೈ... ಇದೂ ಎಡಗೈ." ಕನ್ನಡಿ ತಿರುಗಿಸುವ ಚಿತ್ರಕ್ಕೆ ಬಂದು ನಿಂತ. "ಇದು ಬಲಗೈರಿ. ಚೂರಿ ಎಡಕ್ಕ ಐತಿ. ಇದು ಖರೇ ಐತಿ."

ನಾನು ಹಿಂದೂಸ್ತಾನಿಗೆ ತಿರುಗಿಸಿದೆ. ಸಾಹೇಬರು ಹಾಗಿರಲಾರದು ಎಂದರು. ಎಲ್ಲವನ್ನೂ ಒಂದೇ ರೀತಿ ಕೊರೆದಿದ್ದರೆ ಒಂದೇ ಹೇಗೆ ಸರಿಯಾದೀತು? ಮಾಲಕರು ಕಪಾಟು ತೆರೆದು ಮೂಲ ಚಿತ್ರಗಳನ್ನು ತಂದರು. ಸಾಹೇಬರು ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಹನ್ನೊಂದರಲ್ಲಿ ಟೊಪ್ಪಿಗೆಯವನು ಬಲಗೈಯವನು, ಚೂರಿ ಎಡ ಸೊಂಟಕ್ಕೆ. ಕನ್ನಡಿಯ ಚಿತ್ರದಲ್ಲಿ ಮಾತ್ರ ಅದೇ ಮನುಷ್ಯ, ಅದೇ ಟೊಪ್ಪಿಗೆ, ದಾರ ಎಡಗೈಯಲ್ಲಿ, ಚೂರಿ ಬಲಕ್ಕೆ.

ಈ ಚಿತ್ರ ಕೊರೆದ ವಿಲಾಯತಿಯ ಆ ಹಳೆಯ ಕಸುಬಿನವನೂ ಒಂದು ದಿನ ಕಾಗದ ಮಗುಚಲು ಮರೆತಿದ್ದ. ರಾಚಪ್ಪ ಅದೇ ತಪ್ಪನ್ನು ತಪ್ಪಿನ ಮೇಲೆ ಮಾಡಿ ಅದನ್ನು ಸರಿಪಡಿಸಿದ್ದ.

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. ಮೂವತ್ತು ವರ್ಷದಿಂದ ಇವು ನನ್ನ ಬಳಿ ಇವೆ, ಇದು ನನ್ನ ಕಣ್ಣಿಗೆ ಬೀಳಲಿಲ್ಲ, ಎಂದರು. ಹನ್ನೊಂದನ್ನು ಹೊಸದಾಗಿ ಕೊರೆಯಲಿ, ಹೋಳಿಯವರೆಗೆ ಕಾಯುತ್ತೇನೆ. ಒಂದೊಂದು ಅಚ್ಚನ್ನೂ ಈ ಮನುಷ್ಯ ನೋಡಿ ಒಪ್ಪಿದ ಮೇಲೆಯೇ ನನಗೆ ತನ್ನಿ, ಅವನ ಕೂಲಿ ನನ್ನದು.

ಮಾಲಕರಿಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. ಮುಖ್ಯಸ್ಥನ ಮಾತು ಹೋಳಿಯ ಮೇಲೆ ನೋಡೋಣ, ಕೋಣೆಗಳ ಮಾತೂ ಆಮೇಲೆಯೇ, ಎಂದರು. ರಾಚಪ್ಪ ತಲೆ ತಗ್ಗಿಸಿದ. ಇಲ್ಲಿ ನನ್ನ ಸರದಿ ಬಂತು. ಸಾಹೇಬರು ಇನ್ನೂ ಹೊರಟಿರಲಿಲ್ಲ, ಚೌಕಾಸಿಗೆ ಅದೇ ಹೊತ್ತು. ಮಾಲಕರಿಗೆ ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ: "ಮುಖ್ಯಸ್ಥ ಅನ್ನೋದು ನಿಮ್ಮ ಹತ್ರಾನ ಇರ್ಲಿ, ಪಗಾರ ಹೆಚ್ಚಿಸಬ್ಯಾಡ್ರಿ. ಆದರ ಹನ್ನೊಂದು ತಗಡು ನಾಲ್ಕು ತಿಂಗಳಾಗ ಆಗಬೇಕಂದ್ರ ನಸುಕಿನ್ಯಾಗ ಎರಡು ತಾಸು ಹೆಚ್ಚು ಕೂಡಬೇಕು. ಮಾಳಿಗಿ ಮ್ಯಾಲಿದ್ದಾಂವ ಕೂಡ್ತಾನ. ಖಾಲಿ ಕೋಣಿಯಿಂದ ನಿಮಗ ಏನ ಬರತದ? ಧೂಳು."

ಸಾಹೇಬರು ನಕ್ಕರು. ಮಾಲಕರು ನಗಲಿಲ್ಲ. ಸಾಹೇಬರ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿದರು. ಸೊಂಟದ ಗೊಂಚಲಿನಿಂದ ಒಂದು ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಕೋಣೆ, ಇನ್ನೊಂದು ಹೋಳಿಯ ಮೇಲೆ, ಎಂದರು. ನಾನು ಇನ್ನೊಂದಕ್ಕೂ ಬಾಯಿ ತೆರೆಯುವಷ್ಟರಲ್ಲಿ ರಾಚಪ್ಪ ಬೀಗದಕೈ ಎತ್ತಿಕೊಂಡಾಗಿತ್ತು. ಅವಸರದ ಗಿರಾಕಿ. ಸಂಜೆಯೇ ಗೌರವ್ವನಿಗೆ ಕಾಗದ ಹಾಕಿದ.

ಭಾನುವಾರದ ಗಾಡಿಗೆ ನಾನು ಹೊರಟೆ. ನಿಲ್ದಾಣಕ್ಕೆ ಬರುತ್ತೇನೆಂದ ರಾಚಪ್ಪ ಬರಲಿಲ್ಲ. ಟಾಂಗಾ ಛಾಪಖಾನೆ ದಾಟುವಾಗ ತಿರುಗಿ ನೋಡಿದೆ, ಮಾಳಿಗೆಯ ಕಿಟಕಿಯಿಂದ ಕಸ ಹೊರಗೆ ಬೀಳುತ್ತಿತ್ತು.

ನೀವು ಪುಣೆಗೆ ಹೋಗುವವರಾದರೆ ನಾಲ್ಕು ಮಾತು. ಉದ್ದದ ಸಾಮಾನಿದ್ದರೆ ಹುಬ್ಬಳ್ಳಿಯಲ್ಲೇ ತೂಗಿಸಿ ಚೀಟಿ ಮಾಡಿಸಿ, ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಹೆಚ್ಚು ಹೋಗುತ್ತದೆ. ಗಾಜನ್ನು ಇಲ್ಲಿಂದ ಒಯ್ಯಬೇಡಿ, ಅಲ್ಲಿಯ ಪೇಟೆಯಲ್ಲಿ ಕೊಳ್ಳಿ, ಗುಳ್ಳೆಯಿರುವ ಹಾಳೆಯನ್ನು ಬೆಳಕಿಗೆ ಹಿಡಿದು ಬೇರೆ ಮಾಡಿ. ಕಸುಬು ಬಲ್ಲವನನ್ನು ಕರೆಯುವುದಾದರೆ ಚಿತ್ರ ತೋರಿಸುವ ಮುಂಚೆ ಕೂಲಿ ಮುಗಿಸಿ. ತೋರಿಸಿದ ಮೇಲೆ ಅವನು ಕೇಳಿದ್ದನ್ನು ಕೊಡಬೇಕೆಂದು ನಿಮಗೇ ಅನ್ನಿಸುತ್ತದೆ. ಹಳೆಯ ಕೊರೆಚಿತ್ರ ಮಾರಲು ಬಂದವನು ಗರಿ ನೋಡಿ, ಹುಲ್ಲು ನೋಡಿ, ಎಷ್ಟು ನವಿರು ಎಂದು ಹೇಳುತ್ತಾನೆ. ಹೇಳಲಿ ಬಿಡಿ. ನೀವು ಹಕ್ಕಿಯನ್ನು ನೋಡಬೇಡಿ, ಹಿಡಿಯುವವನ ಕೈ ನೋಡಿ.